ಹಳೇ ಅಂಬಾಸಡರ್‌ಗೆ ವಿಮಾನದ ಪೆಟ್ರೋಲ್ ಹಾಕಬಹುದಾ?

ಪ್ರಶ್ನೆ: ಅಂಬಾಸಡರ್, 1489 ಸಿಸಿ ಹಳೇ ಎಂಜಿನ್, ಕಾರ್ಬುರೇಟರ್. ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ಗೆ ಹೋಸ್‌ಗಳು ಮೆತ್ತಗಾಗ್ತಿವೆ. ಸಣ್ಣ ವಿಮಾನಗಳ ಪೆಟ್ರೋಲ್ ಆದ 100ಎಲ್‌ಎಲ್ ಏವ್‌ಗ್ಯಾಸ್‌ನಲ್ಲಿ ಎಥನಾಲ್ ಇಲ್ಲ, ಸೀಸ ಇರೋದ್ರಿಂದ ವಾಲ್ವ್ ಸೀಟಿಗೂ (ವಾಲ್ವ್ ಮುಚ್ಚಿ ಕೂರೋ ಜಾಗ) ಒಳ್ಳೇದು ಅಂತಾರೆ. ಸಿಕ್ಕರೆ ಹಾಕಬಹುದಾ? ಮನೇಲಿರೋ ಸ್ವಿಫ್ಟ್‌ಗೆ ಸ್ವಲ್ಪ ಬೆರೆಸಿದರೆ ಪಿಕಪ್ ಹೆಚ್ಚುತ್ತಾ?

ಇಂಜೆಕ್ಷನ್ ಕೆಲಸದವರು: ಸ್ವಿಫ್ಟ್‌ಗೆ ಒಂದು ಲೀಟರೂ ಬೇಡ ಸರ್. ಸೀಸ ಆಕ್ಸಿಜನ್ ಸೆನ್ಸರ್ ಮೇಲೆ ಕೂತು ಅದನ್ನು ಮಂದ ಮಾಡುತ್ತೆ, ಇಸಿಯು (ಎಂಜಿನ್ ಕಂಪ್ಯೂಟರ್) ತಪ್ಪು ಲೆಕ್ಕದಲ್ಲಿ ಪೆಟ್ರೋಲ್ ಬಿಡುತ್ತೆ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ನ ಪ್ಲಾಟಿನಂ ಪದರಕ್ಕೂ ಸೀಸ ಮುಚ್ಚಿಕೊಳ್ಳುತ್ತೆ, ಅದು ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಪಿ0420 ಕೋಡ್ ಬರುತ್ತೆ. ಪಿಕಪ್ಪಂತೂ ಬರಲ್ಲ. ಏವ್‌ಗ್ಯಾಸ್‌ನ ಹೆಚ್ಚಿನ ಆಕ್ಟೇನ್ ತಡೆಯೋದು ನಾಕಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗೇ ಸಿಡಿಯೋದು) ಮಾತ್ರ. ನಾಕಿಂಗ್ ಇಲ್ಲದ ಎಂಜಿನ್‌ಗೆ ಅದರಿಂದ ಶಕ್ತಿ ಸಿಗಲ್ಲ.

ವಿಮಾನ ಮೆಂಟೆನೆನ್ಸ್‌ನವರು: ಹೆಸರಿನಲ್ಲಿರೋ ಎಲ್‌ಎಲ್, ಅಂದರೆ ‘ಲೋ ಲೆಡ್’ (ಕಡಿಮೆ ಸೀಸ), ನಂಬಬೇಡಿ. ಹಳೇ ಹಸಿರು ಬಣ್ಣದ 100/130 ಏವ್‌ಗ್ಯಾಸ್‌ಗೆ ಹೋಲಿಸಿದರೆ ಮಾತ್ರ ಅದು ಕಡಿಮೆ. ಲೀಟರ್‌ಗೆ 0.56 ಗ್ರಾಂವರೆಗೆ ಸೀಸ ಇರುತ್ತೆ, 40 ಲೀಟರ್‌ಗೆ 22 ಗ್ರಾಂ. 1994ರಲ್ಲಿ ಮಹಾನಗರಗಳಿಗೆ ಬಂದ ಕಡಿಮೆ ಸೀಸದ ಪೆಟ್ರೋಲ್‌ನಲ್ಲಿ ಇದ್ದದ್ದೇ ಲೀಟರ್‌ಗೆ 0.15 ಗ್ರಾಂ.

ಆ ಸೀಸ ಹೊರಗೆ ಹೋಗಲಿ ಅಂತ ಎಥಿಲೀನ್ ಡೈಬ್ರೊಮೈಡ್ ಸೇರಿಸಿರ್ತಾರೆ. ಅದು ಸೀಸವನ್ನು ಬ್ರೊಮೈಡ್ ಮಾಡಿ ಸೈಲೆನ್ಸರ್ ಕಡೆ ಕಳಿಸುತ್ತೆ, ಆದರೆ ಸ್ಪಾರ್ಕ್ ಪ್ಲಗ್ ಚೆನ್ನಾಗಿ ಬಿಸಿಯಾದರೆ ಮಾತ್ರ. ಸಿಗ್ನಲ್‌ನಲ್ಲಿ ಐಡ್ಲಿಂಗ್‌ನಲ್ಲಿ ನಿಂತ ಕಾರಿನಲ್ಲಿ ಪ್ಲಗ್ ತಣ್ಣಗಿರುತ್ತೆ. ಬಿಚ್ಚಿ ನೋಡಿದರೆ ಪಿಂಗಾಣಿಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ಬೂದು ಉಂಡೆಗಳು, ಒಂದು ಸಿಲಿಂಡರ್ ಮಿಸ್ಸಿಂಗ್. ಪೈಲಟ್‌ಗಳು ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಓಡಿಸುವಾಗ) ಲಿವರ್ ಎಳೆದು ಮಿಕ್ಸ್ಚರ್ ಲೀನ್ ಮಾಡೋದು, ಅಂದರೆ ಗಾಳಿಗೆ ಪೆಟ್ರೋಲ್ ಕಡಿಮೆ ಮಾಡೋದು, ಇದಕ್ಕೇ. ಕಾರಿನಲ್ಲಿ ಆ ಲಿವರ್ ಇಲ್ಲ. ಉಳಿದ ಸೀಸ ಆಯಿಲ್‌ಗೆ ಇಳಿದು ಎಂಜಿನ್ ಕೆಳಗಿನ ಆಯಿಲ್ ಸಂಪ್‌ನಲ್ಲಿ ಬೂದು ಕೆಸರಾಗುತ್ತೆ. ಅದಕ್ಕೇ ವಿಮಾನದಲ್ಲಿ ಫಿಲ್ಟರ್ ಇದ್ದರೂ 50 ಗಂಟೆಗೆ ಆಯಿಲ್ ಬದಲಿಸೋದು.

ಹೆಡ್ ಕೆಲಸದವರು: ವಾಲ್ವ್ ಸೀಟ್ ವಿಷಯ ನಿಜ. ಈ ಎಂಜಿನ್‌ನದು ಬೀಡು ಕಬ್ಬಿಣದ ಹೆಡ್, ಸೀಸವಿಲ್ಲದೆ ಹೆಚ್ಚು ವೇಗದಲ್ಲಿ ತುಂಬಾ ಹೊತ್ತು ಓಡಿಸಿದರೆ ಎಕ್ಸಾಸ್ಟ್ ಸೀಟ್ ತಗ್ಗುತ್ತೆ. ಆಗ ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ಇರೋ ಸಂದು) ಕಡಿಮೆಯಾಗ್ತಾ ಬರುತ್ತೆ. ಸರ್ವೀಸ್‌ಗೊಮ್ಮೆ ಫೀಲರ್ ಗೇಜ್ ಹಾಕಿ ಬರೆದಿಡಿ. ಗ್ಯಾಪ್ ಹಾಗೇ ಇದ್ದರೆ ಹೆಡ್ ಮುಟ್ಟಬೇಡಿ. ಪ್ರತಿ ಸಲ ಕಡಿಮೆ ಆಗ್ತಿದ್ದರೆ, ಹೆಡ್ ಬಿಚ್ಚಿ ನಾಲ್ಕೂ ಎಕ್ಸಾಸ್ಟ್ ಸೀಟಿಗೆ ಗಟ್ಟಿ ಇನ್ಸರ್ಟ್ ಕೂರಿಸಿ, ಗೈಡ್ ಸವೆದಿದ್ದರೆ ಅದನ್ನೂ ಆಗಲೇ ಬದಲಿಸಿ.

ಇ20ಗೆ ಹೋಸ್‌ಗಳೆಲ್ಲ ಬದಲಿಸಿ. ಎಥನಾಲ್ ತಡೆಯುವ ಹೋಸ್‌ನ ಗುರುತಾದ ಎಸ್‌ಎಇ ಜೆ30 ಆರ್9 ಅಂತ ಮುದ್ರೆ ಇರೋದೇ ಬೇಕು. ಪೆಟ್ರೋಲ್ ಪಂಪಿನ ಡಯಾಫ್ರಮ್ ಎಥನಾಲ್ ತಡೆಯುವಂಥದ್ದಿರಲಿ, ಕಾರ್ಬುರೇಟರ್‌ನ ನೀಡಲ್ ವಾಲ್ವ್ ತುದಿ ವೈಟಾನ್ ರಬ್ಬರ್‌ನದ್ದಿರಲಿ. ಆಮೇಲೆ ಪ್ಲಗ್ ಬೆಳ್ಳಗೆ ಕಂಡರೆ ಪೆಟ್ರೋಲ್ ಸಾಲ್ತಿಲ್ಲ ಅಂತ, ಕಾರ್ಬುರೇಟರ್‌ನ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ.

ಮತ್ತೊಬ್ಬರು: ಕಾನೂನೂ ಇದೆ. 2000ದ ಫೆಬ್ರವರಿ 1ರಿಂದ ದೇಶದಲ್ಲಿ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರೋ ಹಾಗಿಲ್ಲ. ಸೈಲೆನ್ಸರ್‌ನಿಂದ ಹೊರಬರೋ ಸೀಸ ರಸ್ತೆಬದಿ ಆಡುವ ಮಕ್ಕಳ ಮೈ ಸೇರುತ್ತೆ, ದಯವಿಟ್ಟು ಅದನ್ನು ಯೋಚಿಸಿ.

ಈಗಾಗಲೇ ಟ್ಯಾಂಕಿಗೆ ಹಾಕಿದ್ದರೆ ಸ್ಟಾರ್ಟ್ ಮಾಡದೆ ಇಳಿಸಿ. ಪೈಪ್ ಬಾಯಲ್ಲಿಟ್ಟು ಎಳೀಬೇಡಿ, ಹ್ಯಾಂಡ್ ಪಂಪ್ ಬಳಸಿ. ಗ್ಯಾರೇಜ್‌ಗಳಲ್ಲಿ ಗ್ರೀಸ್ ಕೈ ಪೆಟ್ರೋಲ್‌ನಲ್ಲೇ ತೊಳೆಯೋ ರೂಢಿ ಇದೆ. ಇದರಲ್ಲಿರೋ ಟೆಟ್ರಾಎಥಿಲ್ ಲೆಡ್ ಚರ್ಮದ ಮೂಲಕವೇ ರಕ್ತಕ್ಕೆ ಹೋಗುತ್ತೆ, ಹುಡುಗರಿಗೆ ಮೊದಲೇ ಹೇಳಿ. ಇಳಿಸಿದ್ದು ನೀಲಿ ಬಣ್ಣದ್ದು, ಲೋಹದ ಕ್ಯಾನಿನಲ್ಲಿ ‘ಸೀಸ ಇದೆ’ ಅಂತ ಬರೆದು ಬೇರೆ ಇಡಿ.