ಬೇರೆಯಾದ ಲೈನನ್ನು ಗ್ರಿಡ್‌ಗೆ ಮತ್ತೆ ಸೇರಿಸುವುದಕ್ಕೆ ಯಾವ ಪದ?

ವಿದ್ಯುತ್ ವಿತರಣೆಯ ಸಿಬ್ಬಂದಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಐಲ್ಯಾಂಡಿಂಗ್’ ಮತ್ತು ‘ರೀಕನೆಕ್ಷನ್’ ಅನ್ನುವ ಎರಡು ಪದಗಳು ಸತಾಯಿಸುತ್ತಿವೆ.

ವಿಷಯ ಇಷ್ಟು. ಬ್ರೇಕರ್ (ದೋಷ ಕಂಡಾಗ ಲೈನ್ ಕಡಿಯುವ ಸ್ವಿಚ್ಚು) ಟ್ರಿಪ್ ಆಗಿ ವಿತರಣಾ ಜಾಲದ ಒಂದು ತುಂಡು ಮುಖ್ಯ ಗ್ರಿಡ್‌ನಿಂದ ಕಳಚಿಕೊಳ್ಳುತ್ತದೆ. ಹಿಂದೆಲ್ಲ ಹೀಗಾದರೆ ಅಲ್ಲಿ ಕರೆಂಟ್ ಇಲ್ಲ, ಅಷ್ಟೇ. ಈಗ ಆ ತುಂಡಿನೊಳಗೇ ಸೋಲಾರ್, ಗಾಳಿಯಂತ್ರ, ಕಿರು ಜಲವಿದ್ಯುತ್, ಬ್ಯಾಟರಿ ಇರಬಹುದು. ಉತ್ಪಾದನೆಯೂ ಬಳಕೆಯೂ ಹೆಚ್ಚುಕಡಿಮೆ ಸರಿಹೊಂದಿದರೆ ತುಂಡು ತನ್ನ ಪಾಡಿಗೆ ತಾನು ನಡೆಯುತ್ತದೆ. ಅದೇ ಐಲ್ಯಾಂಡ್. ಇದಕ್ಕೆ ‘ದ್ವೀಪ’ ಅನ್ನಿ, ‘ನಡುಗಡ್ಡೆ’ ಅನ್ನಿ, ಎರಡೂ ಒಪ್ಪುತ್ತವೆ.

ನನ್ನ ತಕರಾರು ‘ದ್ವೀಪೀಕರಣ’ದ ಮೇಲೆ. ‘ಕರಣ’ ಬಂತೆಂದರೆ ಯಾರೋ ಬೇಕೆಂದೇ ಮಾಡಿದ್ದು ಅಂತ ಅರ್ಥ. ಆಸ್ಪತ್ರೆಯಂಥ ಕಡೆ ಕರೆಂಟ್ ಉಳಿಸಲು ಬೇಕೆಂದೇ ಬೇರೆ ಮಾಡುವುದುಂಟು. ಆದರೆ ತಾನಾಗಿ ಬೇರೆಯಾಗುವುದೂ ಉಂಟು, ಅಪಾಯ ಜಾಸ್ತಿ ಇರುವುದು ಅದರಲ್ಲೇ. ಲೈನ್ ಸತ್ತಿದೆ ಅಂದುಕೊಂಡು ಕೈ ಹಾಕಿದವನ ಜೀವ ಹೋಗಬಹುದು. ಐಟ್ರಿಪಲ್‌ಇ 1547 (ಸ್ಥಳೀಯ ಉತ್ಪಾದಕಗಳನ್ನು ಗ್ರಿಡ್‌ಗೆ ಜೋಡಿಸುವುದರ ಬಗೆಗಿನ ಮಾನದಂಡ) ಇದರ 2018ರ ಆವೃತ್ತಿ ಇಂಥ ಅನಿರೀಕ್ಷಿತ ದ್ವೀಪವನ್ನು ಪತ್ತೆಹಚ್ಚಿ 2 ಸೆಕೆಂಡಿನೊಳಗೆ ಉತ್ಪಾದಕಗಳು ಕರೆಂಟ್ ಕೊಡುವುದನ್ನು ನಿಲ್ಲಿಸಬೇಕು ಅನ್ನುತ್ತದೆ. ಸಂಸ್ಕೃತದಲ್ಲೇ ಬೇಕೆಂದರೆ ‘ದ್ವೀಪೀಭವನ’ ಇದೆ, ಯಾರ ಬಾಯಲ್ಲೂ ಹೊರಳುವುದಿಲ್ಲ. ನಮ್ಮಲ್ಲಿ ‘ಆಗು’, ‘ಮಾಡು’ ಇರುವಾಗ ಸುಮ್ನೆ ಯಾಕೆ ಒದ್ದಾಡಬೇಕು? ‘ದ್ವೀಪವಾಗುವುದು’, ‘ದ್ವೀಪ ಮಾಡುವುದು’ ಅಂದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ‘ಆಂಟಿ ಐಲ್ಯಾಂಡಿಂಗ್’ ಅನ್ನು ‘ದ್ವೀಪ ತಡೆ’ ಅಂತ ಕೆಲವರು ಬರೆಯುತ್ತಾರೆ. ಆ ಸಾಧನ ದ್ವೀಪವಾಗುವುದನ್ನು ತಡೆಯುವುದಿಲ್ಲ, ಆದದ್ದನ್ನು ಕಂಡುಹಿಡಿದು ಇನ್ವರ್ಟರನ್ನು (ಸೋಲಾರ್, ಬ್ಯಾಟರಿಯ ಡಿಸಿ ಕರೆಂಟನ್ನು ಎಸಿ ಮಾಡುವ ಯಂತ್ರವನ್ನು) ನಿಲ್ಲಿಸುತ್ತದೆ. ‘ದ್ವೀಪ ಪತ್ತೆ’ ಸರಿಯಲ್ವಾ?

ನಿಜವಾದ ತೊಡಕು ಮತ್ತೆ ಸೇರಿಸುವುದರಲ್ಲಿದೆ. ‘ಮರುಸಂಪರ್ಕ’ಕ್ಕೆ ಬಾಕಿ ಬಿಲ್ ಕಟ್ಟಿದವರಿಗೆ ಮತ್ತೆ ಲೈನ್ ಕೊಡುವ ಅರ್ಥ ಆಗಲೇ ಅಂಟಿಕೊಂಡಿದೆ. ಅದಕ್ಕಿಂತ ದೊಡ್ಡ ಕೊರತೆ, ಎರಡು ಬೇರೆ ಬೇರೆ ಕೆಲಸಗಳನ್ನು ಅದು ಒಂದೇ ಮಾಡಿಬಿಡುತ್ತದೆ. ಸತ್ತ ಲೈನಿಗೆ ಕರೆಂಟ್ ಹಾಯಿಸುವುದು ಒಂದು. ಎರಡೂ ಕಡೆ ಕರೆಂಟ್ ಇರುವಾಗ ನಡುವಿನ ಬ್ರೇಕರ್ ಮುಚ್ಚುವುದು, ಅಂದರೆ ಎರಡು ಕಡೆಯನ್ನೂ ಜೋಡಿಸುವುದು, ಇನ್ನೊಂದು.

ಎರಡನೆಯದರಲ್ಲಿ ವೋಲ್ಟೇಜ್, ಆವರ್ತನ, ಫೇಸ್ ಕೋನ (ಎರಡು ಕಡೆಯ ಅಲೆಗಳಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಹಿಂದೆಮುಂದೆ ಅನ್ನುವುದು) ಮೂರೂ ಹೊಂದಬೇಕು. ಗ್ರಿಡ್ 50 ಹರ್ಟ್ಸ್, ದ್ವೀಪ 49.9 ಅಂತಿಟ್ಟುಕೊಳ್ಳಿ. ಈ ಕೋನದ ಅಂತರವನ್ನು ಗಡಿಯಾರದಂತೆ ತೋರಿಸುವ ಸಿಂಕ್ರೊಸ್ಕೋಪಿನ ಮುಳ್ಳು 10 ಸೆಕೆಂಡಿಗೆ ಒಂದು ಸುತ್ತು ಬರುತ್ತದೆ. ಮುಳ್ಳು 12ರ ಹತ್ತಿರ ಇದ್ದಾಗ ಮುಚ್ಚಬೇಕು. 6ರ ಹತ್ತಿರ ಇದ್ದಾಗ ಮುಚ್ಚಿದರೆ ಅಂತರ 180 ಡಿಗ್ರಿ. ಬ್ರೇಕರಿನ ಎರಡು ತುದಿಗಳ ನಡುವೆ ಸುಮಾರು ಎರಡು ಪಟ್ಟು ವೋಲ್ಟೇಜ್ ಇರುತ್ತದೆ, ಜನರೇಟರಿನ ಶಾಫ್ಟ್ ತಿರುಚಿಕೊಳ್ಳುವಷ್ಟು ಹೊಡೆತ ಬೀಳಬಹುದು. ಆಟೊ ರೀಕ್ಲೋಸರ್ (ಟ್ರಿಪ್ ಆದ ಮೇಲೆ ತಾನೇ ಮತ್ತೆ ಮುಚ್ಚುವ ಬ್ರೇಕರ್) ಇರುವ ಫೀಡರಿನಲ್ಲಿ, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನಿನಲ್ಲಿ, ಇದೇ ಭಯ. ಅದು ಲೈನ್ ಸತ್ತಿದೆ ಅಂದುಕೊಂಡು ತಾನಾಗಿ ಮುಚ್ಚುತ್ತದೆ, ಆಚೆ ಸೋಲಾರ್ ಇನ್ನೂ ನಡೆಯುತ್ತಿರುತ್ತದೆ. ಹೊಂದಿಸುವ ಕೆಲಸ ದ್ವೀಪದ್ದೇ, ಯಾಕೆಂದರೆ ಗ್ರಿಡ್ ದೊಡ್ಡದು, ಬಗ್ಗುವುದಿಲ್ಲ. ಅದೂ ಎಲ್ಲ ಇನ್ವರ್ಟರಿಗೂ ಆಗುವ ಕೆಲಸವಲ್ಲ. ಹೆಚ್ಚಿನವು ಇರುವ ಆವರ್ತನವನ್ನು ಹಿಂಬಾಲಿಸುವಂಥವು. ತಾನೇ ಆವರ್ತನ ಕಟ್ಟಿಕೊಡುವಂಥದ್ದು ಒಂದಾದರೂ ಇರಬೇಕು.

ಕೆಲಸದ ಜಾಗದಲ್ಲಿ ಈ ವ್ಯತ್ಯಾಸಕ್ಕೆ ಮಾತು ಇದ್ದೇ ಇದೆ. ಮೊದಲನೆಯದಕ್ಕೆ ‘ಲೈನ್ ಚಾರ್ಜ್ ಮಾಡು’, ಎರಡನೆಯದಕ್ಕೆ ‘ಸಿಂಕ್ ಮಾಡು’. ‘ಚಾರ್ಜ್’ ಅಂದರೆ ಹೊರಗಿನ ಓದುಗ ಮೊಬೈಲ್ ನೆನೆಸಿಕೊಳ್ಳುತ್ತಾನೆ. ಆದರೆ ನನ್ನ ಓದುಗರು ಸಿಬ್ಬಂದಿಯೇ, ಅದನ್ನು ಹಾಗೇ ಬಿಡುತ್ತೇನೆ. ‘ಸಿಂಕ್’ಗೆ ಮಾತ್ರ ಕನ್ನಡದ ಪದ ಬೇಕು ಅನಿಸುತ್ತದೆ. ‘ಏಕಕಾಲೀಕರಣ’ ಬೇಡ. ಎರಡು ಸ್ವಿಚ್ಚುಗಳನ್ನು ಒಟ್ಟಿಗೆ ಒತ್ತುವ ಹಾಗೆ ಕೇಳಿಸುತ್ತದೆ. ‘ಹೊಂದಾಣಿಕೆ’ ತೀರಾ ಸಡಿಲ, ರಾಜಕೀಯದವರ ಪಾಲಾಗಿದೆ. ‘ತಾಳ ಕೂಡಿಸು’ ಹತ್ತಿರ ಬರುತ್ತದೆ. ಇಬ್ಬರು ಒಂದೇ ವೇಗದಲ್ಲಿ ತಾಳ ಹಾಕಿದರೂ ಸಮಕ್ಕೆ ಒಟ್ಟಿಗೆ ಬರದಿರಬಹುದಲ್ಲ, ಆವರ್ತನ ಒಂದೇ ಇದ್ದು ಕೋನ ಬೇರೆಯಾಗಿರುವುದೂ ಹಾಗೇ. ಆದರೆ ವೋಲ್ಟೇಜ್ ಅದರೊಳಗೆ ಬರುವುದಿಲ್ಲ.

ಸದ್ಯಕ್ಕೆ ನನ್ನ ಒಲವು ‘ಮೇಳೈಸು’ ಕಡೆಗೆ. ‘ಮೇಳೈಸಿ ಜೋಡಿಸುವುದು’ ಅಂದರೆ ಮೊದಲು ಹೊಂದಿಸಿ ಆಮೇಲೆ ಬ್ರೇಕರ್ ಮುಚ್ಚು ಅನ್ನುವ ಕ್ರಮವೂ ಬರುತ್ತದೆ. ಎರಡೂ ಕಡೆ ಹೊಂದಿದೆಯೇ ಎಂದು ನೋಡಿ ಬ್ರೇಕರ್ ಮುಚ್ಚಲು ಬಿಡುವ ‘ಸಿಂಕ್ ಚೆಕ್ ರಿಲೇ’ ‘ಮೇಳ ನೋಡುವ ರಿಲೇ’ ಆಗಬಹುದು. ನಿಮಗೆ ಇದು ಕವಿತೆಯ ಪದದಂತೆ ಕೇಳುತ್ತದೆಯೇ? ನಾಮಪದ ‘ಮೇಳೈಕೆ’ ಸರಿಯೋ, ‘ಮೇಳೈಸುವಿಕೆ’ಯೋ? ಸಬ್‌ಸ್ಟೇಷನ್ನಿನಲ್ಲಿ ಬೇರೆ ಪದ ಕೇಳಿದವರಿದ್ದರೆ ದಯವಿಟ್ಟು ಅದನ್ನು ಬಳಸುವ ವಾಕ್ಯದ ಸಮೇತ ಬರೆಯಿರಿ.