ಕೋಶದ ಬದಲು ಕರೆಂಟಿನ ಅಲೆಯೇ ಕಾಣುತ್ತಿದ್ದರೆ: ಅನುಭವ ಹಂಚಿಕೆ

ಕೋಶದೊಳಗಿನ ವೋಲ್ಟೇಜ್ ಅಳೆಯಲು ಗಾಜಿನ ಸೂಕ್ಷ್ಮ ಎಲೆಕ್ಟ್ರೋಡನ್ನು ಕಾರಾ ಪಾಚಿಯ ಕೋಶಕ್ಕೆ ಚುಚ್ಚಿದರೂ ತೆರೆಯ ಮೇಲೆ ಗೋಡೆಯ ಕರೆಂಟಿನ 50 ಹರ್ಟ್ಸ್ ಅಲೆಯೊಂದೇ ಕಾಣುತ್ತದೆ, ಎಲೆಕ್ಟ್ರೋಡ್ ಬದಲಿಸಿ ಸಾಕಾಗಿದೆ ಎಂದು ಗಂಗಾವತಿಯ ವಿದ್ಯಾರ್ಥಿನಿಯೊಬ್ಬರು ಸಲಹೆ ಕೇಳಿದ್ದಾರೆ.

ರಾಯಚೂರಿನಿಂದ:
ಎಲೆಕ್ಟ್ರೋಡಿನ ಮೇಲೆ ಅನುಮಾನ ಬೇಡ. ನಾನೂ ಮೂರು ವಾರ ಗಾಜಿನ ನಳಿಕೆಗಳನ್ನು ಎಳೆದು, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿ, ಬದಲಿಸುತ್ತಲೇ ಇದ್ದೆ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಆಂಪ್ಲಿಫೈಯರ್, ಕಂಪ್ಯೂಟರ್ ಎರಡೂ ಯುಪಿಎಸ್ ಮೇಲೆ ನಡೆಯುತ್ತಿದ್ದವು, ಆದರೆ ತೆರೆಯ ಮೇಲಿನ ಅಲೆ ಅಡಗಿ ನೇರ ಗೆರೆಯಾಯಿತು. ಆರಿದ್ದು ಎದುರು ಗೋಡೆಯ ಪ್ಲಗ್ಗಿನಿಂದ ಉರಿಯುತ್ತಿದ್ದ ಸೂಕ್ಷ್ಮದರ್ಶಕದ ದೀಪವೊಂದೇ. ಆ ದೀಪದ ಅರ್ಥಿಂಗ್ ಒಂದು ದಾರಿ, ಆಂಪ್ಲಿಫೈಯರಿನದು ಇನ್ನೊಂದು ದಾರಿಯಾಗಿ, ಎರಡೂ ಸೇರಿ ಉಂಟಾದ ಸುತ್ತಿನಲ್ಲಿ ಹರಿಯುತ್ತಿದ್ದ ಅಲ್ಪ ಪ್ರವಾಹವೇ ಕೋಶದ ಸಂಕೇತವನ್ನು ಮುಚ್ಚಿಹಾಕುತ್ತಿತ್ತು. ಆದ್ದರಿಂದ ಮೇಜು, ಸೂಕ್ಷ್ಮದರ್ಶಕ, ಲೋಹದ ಜಾಲರಿಯ ಪಂಜರ ಇವುಗಳಿಂದ ಒಂದೊಂದೇ ತಂತಿ ತಂದು ಆಂಪ್ಲಿಫೈಯರಿನ ಒಂದೇ ಅರ್ಥ್ ಬಿಂದುವಿಗೆ ಸೇರಿಸಿ, ದೀಪವನ್ನು ಬ್ಯಾಟರಿಯಿಂದ ಉರಿಸಿ. ಅಲೆ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದೂ ತೆಗೆಯಬೇಡಿ, ಅದು ಜೀವಕ್ಕೆ ಅಪಾಯ. ನಮ್ಮ ಕಡೆಯ ಬೇಸಿಗೆಗೆ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಬಿರಿಯುತ್ತದೆ. ಅದಕ್ಕೆ ನೀರು ಹಾಕಿಸಲು ಕಾಲೇಜಿನವರನ್ನು ಕೇಳಿ.

ಎಲೆಕ್ಟ್ರೋಡಿನೊಳಗಿನ ಬೆಳ್ಳಿ ತಂತಿಯನ್ನು ಬ್ಲೀಚ್ ದ್ರಾವಣದಲ್ಲಿ ಸುಮಾರು 20 ನಿಮಿಷ ಅದ್ದಿ, ಹೊಳಪು ಹೋಗಿ ಎಲ್ಲೆಡೆ ಕಡು ಬೂದು ಬಣ್ಣ ಬಂದಿದೆಯೇ ನೋಡಿ. ಈ ಬೂದು ಪದರ (ಸಿಲ್ವರ್ ಕ್ಲೋರೈಡ್) ಕಿತ್ತುಹೋದ ತಂತಿಯಿಂದ ಅಳತೆ ನಿಲ್ಲದೆ ಜಾರುತ್ತದೆ.

ಬಳ್ಳಾರಿಯಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನೀವು ಎಲೆಕ್ಟ್ರೋಡನ್ನು ನೇರವಾಗಿ ಆಸಿಲೋಸ್ಕೋಪಿಗೆ (ವೋಲ್ಟೇಜನ್ನು ಅಲೆಯಾಗಿ ತೋರಿಸುವ ಉಪಕರಣ) ಜೋಡಿಸಿದ್ದೀರಾ? ಅದರ ಒಳರೋಧ ಸಾಮಾನ್ಯವಾಗಿ 1 ಮೆಗಾಓಮ್; ನಿಮ್ಮ ಎಲೆಕ್ಟ್ರೋಡಿನದು 10 ಮೆಗಾಓಮ್ ಇದ್ದರೆ ಹನ್ನೊಂದರಲ್ಲಿ ಒಂದು ಪಾಲಷ್ಟೇ ತೆರೆಗೆ ಬರುತ್ತದೆ, ಅಂದರೆ ಕೋಶದಲ್ಲಿ ಮೈನಸ್ 165 ಮಿಲಿವೋಲ್ಟ್ ಇದ್ದರೂ ಕಾಣುವುದು ಮೈನಸ್ 15. ನಡುವೆ ಒಳರೋಧ ಬಹಳ ಹೆಚ್ಚಿರುವ ಆಂಪ್ಲಿಫೈಯರ್ ಇರಲೇಬೇಕು.

ಕಾರಾವನ್ನು ಕೈಬಿಡಬೇಡಿ. ಅದರ ಕೋಶ ಕೆಲವು ಸೆಂಟಿಮೀಟರ್ ಉದ್ದವಿರುವುದರಿಂದ ಬರಿಗಣ್ಣಿಗೇ ಕಾಣುತ್ತದೆ. 1938ರಲ್ಲಿ ಕೋಶಗಳ ವಿದ್ಯುತ್ ಗುಣ ಅಳೆದ ವಿಜ್ಞಾನಿಗಳಾದ ಕೋಲ್ ಮತ್ತು ಕರ್ಟಿಸ್ ಅವರು ಇದರ ಬಳಗದ ನೈಟೆಲ್ಲಾ ಪಾಚಿಯ ಮೇಲೆಯೇ ಕೆಲಸ ಮಾಡಿದ್ದರು. ತೆರೆಯ ಮೇಲೆ ಎದ್ದದ್ದು ಕೋಶ ಉದ್ರೇಕಗೊಂಡಾಗ ಬರುವ ನಿಜವಾದ ಸಂಕೇತವೇ ಎಂಬ ಸಂಶಯ ಬಂದರೆ ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಇಡಿ. ನಿಜವಾದದ್ದಾದರೆ ಕೋಶದೊಳಗೆ ಸದಾ ಹರಿಯುವ ರಸ ಆ ಕ್ಷಣವೇ ಗಕ್ಕನೆ ನಿಂತು, ಕೆಲವು ನಿಮಿಷಗಳಲ್ಲಿ ನಿಧಾನವಾಗಿ ಮತ್ತೆ ಹರಿಯತೊಡಗುತ್ತದೆ.