ಅಪ್‌ಡೇಟ್: ಕೀ ಪಡೆದವರ ರಿವ್ಯೂ ಸ್ಕೋರ್‌ಗೆ ಯಾಕೆ ಸೇರಲ್ಲ?

ನಾನು ಮಾಡಿದ ಆಟವನ್ನು ಗೆಳೆಯರಿಗೆ ಕೀ (ಅಂಗಡಿಯಲ್ಲಿ ಕೊಳ್ಳದೆಯೇ ಆಟ ತೆರೆಯುವ ಕೋಡ್) ಕೊಟ್ಟು ಆಡಿಸಿದೆ, ಅವರ ರಿವ್ಯೂ ಸ್ಟೀಮ್‌ನಲ್ಲಿ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಕಾಣುತ್ತದೆ, ಎಷ್ಟು ಮಂದಿ ಮೆಚ್ಚಿದರು ಅಂತ ತೋರಿಸುವ ಸ್ಕೋರ್‌ಗೆ ಮಾತ್ರ ಸೇರುತ್ತಿಲ್ಲ ಯಾಕೆ ಅಂತ ಕೇಳಿದ್ದೆನಲ್ಲ? ಉತ್ತರ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್.

ಅದು ನಿಯಮವೇ. 2016ರ ಸೆಪ್ಟೆಂಬರ್‌ನಿಂದ ಸ್ಟೀಮ್‌ನಲ್ಲೇ ಕೊಂಡವರ ರಿವ್ಯೂ ಮಾತ್ರ ಸ್ಕೋರ್‌ಗೆ ಲೆಕ್ಕ. ಸುಮ್ನೆ ಕೀ ಹಂಚಿ ಹೊಗಳಿಸಿಕೊಳ್ಳುವವರನ್ನು ತಡೆಯಲು ಮಾಡಿದ್ದು. ಸರಿಯೇ. ಆದರೆ ಪೆಟ್ಟು ಜಾಸ್ತಿ ಬೀಳುವುದು ನನ್ನಂಥ ಚಿಕ್ಕ ಡೆವಲಪರ್‌ಗಳಿಗೆ. ಕ್ರೌಡ್‌ಫಂಡಿಂಗ್‌ನಲ್ಲಿ ಮೊದಲೇ ದುಡ್ಡು ಹಾಕಿದವರಿಗೂ ಸಿಗುವುದು ಕೀನೇ ಅಲ್ವಾ? ಆಟವನ್ನು ನಂಬಿದವರ ಮಾತೇ ಲೆಕ್ಕಕ್ಕಿಲ್ಲ! ಲೆಕ್ಕಕ್ಕೆ ಬರುವ 10 ರಿವ್ಯೂ ಆಗುವವರೆಗೆ ಸ್ಕೋರೇ ಕಾಣುವುದಿಲ್ಲ.

ಜಯನಗರದ ಗೆಳೆಯರು 'ಕೊಂಡೇ ಬರೆಯುತ್ತೇವೆ ಬಿಡೋ' ಅಂದರು. ಬರೀ ರಿವ್ಯೂಗಾಗಿ ಕೊಳ್ಳುವುದು ಬೇಡ ಅಂದೆ. (ಆಟ ಇಷ್ಟವಾಗಿ ಕೊಂಡರೆ ಬೇರೆ ಮಾತು.) ಮುಂದಿನ ಆಟಕ್ಕೆ ಕೀ ಬದಲು ಡೆಮೊ (ಪುಕ್ಕಟೆ ಆಡಿ ನೋಡುವ ಸಣ್ಣ ಭಾಗ) ಬಿಡುತ್ತೇನೆ.